ಏರ್ ರೈಫಲ್‌ನ ಟ್ರಿಗರ್ ಎಷ್ಟು ಹಗುರವಾಗಿರಬೇಕು?

ಕೊಡಿಗೇಹಳ್ಳಿಯ ಮನೆಯೊಂದರಲ್ಲಿ ಸ್ಪ್ರಿಂಗ್ ಏರ್ ರೈಫಲ್‌ನ ಟ್ರಿಗರ್ ಹೊಂದಿಸಲು ಹೊರಟವರು ಸ್ಕ್ರೂಗಳಿಗಿಂತ ಮೊದಲು ಅರಿಯಬೇಕಾದುದು ಸಿಯರ್ ಎಂಬ ಪುಟ್ಟ ಕೊಕ್ಕೆಯನ್ನು. ಹಿಂದಕ್ಕೆ ಸರಿದ ಪಿಸ್ಟನ್ನನ್ನು ತಡೆದು ನಿಲ್ಲಿಸುವುದೂ, ಟ್ರಿಗರ್ ಎಳೆದಾಗ ಜಾರಿ ಅದನ್ನು ಬಿಡುವುದೂ ಅದೇ. ಎರಡು ಹಂತದ ಟ್ರಿಗರ್‌ನಲ್ಲಿ ಬೆರಳು ಮೊದಲು ಹಗುರವಾದ ಚಲನೆಯನ್ನು ದಾಟಿ ಗಟ್ಟಿಯಾದ ತಡೆಯೊಂದನ್ನು ಮುಟ್ಟುತ್ತದೆ, ಆ ತಡೆಯನ್ನು ಮೀರಿದ ಕ್ಷಣದಲ್ಲಿ ಪೆಲೆಟ್ ಎಂಬ ಸೀಸದ ಗುಂಡು ಹಾರುತ್ತದೆ. ಸಾಮಾನ್ಯವಾಗಿ ಒಂದು ಸ್ಕ್ರೂ ಎಳೆತದ ತೂಕವನ್ನೂ ಇನ್ನೊಂದು ಮೊದಲ ಹಂತದ ಉದ್ದವನ್ನೂ ಬದಲಿಸುತ್ತದೆಯಾದರೂ, ಮಾದರಿಯಿಂದ ಮಾದರಿಗೆ ಇದು ಬೇರೆಯಾಗುವುದರಿಂದ ತಯಾರಕರ ಕೈಪಿಡಿಯೇ ಪ್ರಮಾಣ. ಕೊಕ್ಕೆಯ ಹಿಡಿತ ತೀರಾ ಕಡಿಮೆಯಾದರೆ ಬರಿಯ ಕುಲುಕಿಗೂ ಗುಂಡು ಹಾರಬಹುದು. ಆದ್ದರಿಂದ ಪೆಲೆಟ್ ಇಲ್ಲದೆ, ಸ್ಪ್ರಿಂಗ್ ಸಡಿಲವಾಗಿರುವಾಗ, ಸ್ಕ್ರೂವನ್ನು ಕಾಲು ಸುತ್ತಿನಷ್ಟು ಮಾತ್ರ ತಿರುಗಿಸುವುದು ಉಚಿತ. ಪೆಲೆಟ್ ಇಲ್ಲದೆ ಹಾರಿಸಿ ನೋಡುವುದು ಮಾತ್ರ ಪಿಸ್ಟನ್‌ಗೆ ಹಾನಿಕರ.

ಶೂಟಿಂಗ್ ಸ್ಪರ್ಧೆಗಳ ಅಂತರರಾಷ್ಟ್ರೀಯ ನಿಯಮವು 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಎಳೆತವನ್ನು ವಿಧಿಸಿದರೂ ಅದೇ ದೂರದ ಏರ್ ರೈಫಲ್‌ಗೆ ಅಂಥ ಮಿತಿಯನ್ನು ಹಾಕಿಲ್ಲ. 2023ರ ಚಾಂಗ್ವಾನ್ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಬೆಳ್ಳಿ ಗೆದ್ದದ್ದು ಈ ರೈಫಲ್ ವಿಭಾಗದಲ್ಲೇ. ಸ್ಪರ್ಧೆಯ ರೈಫಲ್‌ಗಳು ಸಂಕುಚಿತ ಗಾಳಿಯಿಂದ ನಡೆಯುವುದರಿಂದ ಅವುಗಳ ಸಿಯರ್ ಭಾರದ ಸ್ಪ್ರಿಂಗನ್ನು ಹೊರುವುದಿಲ್ಲ. ಆ ಹಗುರತನವನ್ನು ಮನೆಯ ಸ್ಪ್ರಿಂಗ್ ರೈಫಲ್‌ನಿಂದ ಬಯಸುವುದು ದುರಾಸೆಯೇ ಸರಿ.