ಅಡಿಗೆಮನೆಯ ಗೋಡೆ ತೆಗೆಸುವ ಮುನ್ನ

ಕಳೆದ ತಿಂಗಳು ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, "ಅಡಿಗೆಮನೆಗೂ ಊಟದ ಮನೆಗೂ ನಡುವಿನ ಗೋಡೆ ತೆಗೆಸಬೇಕೆಂದಿದ್ದೇನೆ, ಐವತ್ತು ಸಾವಿರದಲ್ಲಿ ಆದೀತೇ?" ಎಂದು ಕೇಳಿದರು. 2022ರಲ್ಲಿ ನಮ್ಮ ಮನೆಯಲ್ಲಿ ಇದೇ ಕೆಲಸವಾದದ್ದು ಅವರಿಗೆ ಗೊತ್ತಿತ್ತು. ಆಗ ಮೇಸ್ತ್ರಿ ಹೇಳಿದ ಅಂದಾಜು 60,000 ರೂಪಾಯಿ. ನನ್ನ ಲೆಕ್ಕದ ಪುಸ್ತಕದಲ್ಲಿ ಕೊನೆಗೆ ನಿಂತದ್ದು 1,94,000. ಈ ವ್ಯತ್ಯಾಸ ಎಲ್ಲಿಂದ ಬಂತೆಂಬುದು ಇತರ ಸದಸ್ಯರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಗೋಡೆ ಒಡೆಯುವುದು ಅಗ್ಗದ ಕೆಲಸ. 10 ಅಡಿ ಉದ್ದ, 10 ಅಡಿ ಎತ್ತರ, 9 ಅಂಗುಲ ದಪ್ಪದ ಇಟ್ಟಿಗೆ ಗೋಡೆ ಸುಮಾರು 4 ಟನ್ ತೂಗುತ್ತದೆ. ಒಡೆದು ಸಾಗಿಸಲು ನಮಗೆ ತಗಲಿದ್ದು 14,000. ನೋಡಬೇಕಾದದ್ದು ಆ ಗೋಡೆ ಏನನ್ನು ಹೊತ್ತಿದೆ ಎಂಬುದನ್ನು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದ ತೊಲೆಗಳು ಅನೇಕ ವೇಳೆ ಈ ನಡುಗೋಡೆಯ ಮೇಲೆಯೇ ಕೂತಿರುತ್ತವೆ. ನಮ್ಮ ಅಟ್ಟದಲ್ಲಿ ಆ ವರ್ಷದ ಮೆಣಸಿನ ಮೂಟೆಗಳಿದ್ದವು. ಮೇಸ್ತ್ರಿ ಅಟ್ಟ ಹತ್ತಿ ನೋಡಲಿಲ್ಲ, ನಾನೂ ಹತ್ತಿಸಲಿಲ್ಲ. ಎರಡನೆಯ ದಿನ ತೊಲೆಯ ಬುಡದಲ್ಲಿ ಬಿರುಕು ಕಾಣಿಸಿತು. ಕೆಲಸ ನಿಲ್ಲಿಸಿ, ಮೂಟೆ ಇಳಿಸಿ, ಪೇಟೆಯಿಂದ ಇಂಜಿನಿಯರನ್ನು ಕರೆಸಿದೆವು.

ಅವರು ಕಾಂಕ್ರೀಟ್ ತೊಲೆ ಹಾಕಿಸಿದರು. ತೊಲೆ ಕೂರುವ ಎರಡೂ ತುದಿಗೆ ಕಾಂಕ್ರೀಟ್ ದಿಂಬು, ಕೆಳಗೆ ಊರೆಗಂಬ, ಎಲ್ಲ ಸೇರಿ 52,000. ಹಣಕ್ಕಿಂತ ದಿನ ಹೆಚ್ಚು ಹಿಡಿಯಿತು. 6 ಮೀಟರಿನೊಳಗಿನ ತೊಲೆಗೆ 14 ದಿನ ಊರೆ ತೆಗೆಯಬಾರದು, 10 ದಿನವಾದರೂ ನೀರುಣಿಸಬೇಕು. ಅಷ್ಟು ದಿನ ನಮ್ಮ ಮನೆಯವರು ಕಾಫಿ ಕಣದ ಪಕ್ಕದ ಷೆಡ್ಡಿನಲ್ಲಿ ಅಡಿಗೆ ಮಾಡಿದರು. ಇದರ ಲೆಕ್ಕ ನನ್ನ ಪುಸ್ತಕದಲ್ಲಿಲ್ಲ, ಅವರ ಬಳಿ ಇದೆ.

ಅತಿ ದೊಡ್ಡ ಬಾಬು ನೆಲದ್ದು. ಗೋಡೆ ಇದ್ದ ಜಾಗದಲ್ಲಿ ಉಳಿಯುವ ಪಟ್ಟಿಯನ್ನು ಮುಚ್ಚಬೇಕಲ್ಲ. ಹಳೆಯ ಕೆಂಪು ಗಾರೆ ನೆಲಕ್ಕೆ ಹೊಸ ತೇಪೆ ಬಣ್ಣದಲ್ಲಿ ಹೊಂದಲೇ ಇಲ್ಲ. ಎರಡು ಸಲ ಮಾಡಿಸಿ ಸೋತು, ಎರಡೂ ಕೋಣೆಗಳ ನೆಲ ಕಿತ್ತು ಹೊಸದು ಹಾಕಿಸಿದೆವು: 61,000. ಅಜ್ಜನ ಕಾಲದ ನೆಲ ಅದು. ಈಗಲೂ ಬೇಸರವಿದೆ.

ಇನ್ನು ಹೊಗೆ. ಸೌದೆ ಒಲೆ ಇಟ್ಟುಕೊಂಡು ಗೋಡೆ ತೆಗೆದರೆ ಊಟದ ಮನೆಯೂ ಕಪ್ಪಾಗುತ್ತದೆ. ಒಲೆಯನ್ನು ಹಿತ್ತಲಿಗೆ ಸಾಗಿಸಿ, ಗ್ಯಾಸ್ ಒಲೆಗೆ ಚಿಮಣಿ ಹಾಕಿಸಲು 31,000. ಹೊಗೆ ತಪ್ಪಿದ ಮೇಲೆ ಅಟ್ಟದ ಮರಕ್ಕೆ ಹುಳ ಬೀಳದಂತೆ ನೋಡಿಕೊಳ್ಳುವುದು ಬೇರೆ ಕೆಲಸವಾಯಿತು. ವಯರಿಂಗ್ ಮತ್ತು ನಲ್ಲಿಗೆ 23,000, ಬಣ್ಣಕ್ಕೆ 13,000.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆ. ಇಷ್ಟು ಸಣ್ಣ ಕೆಲಸಕ್ಕೆ ಬೇಕಾಗುವುದು ಕೆಲವೇ ಮೂಟೆ. ಅದನ್ನು ನಂಬಿ ಅಂದಾಜು ಇಳಿಸಬೇಡಿ.

ಹೇಳಲು ಸಂಕೋಚವಾಗುವ ಒಂದು ಮಾತಿದೆ. ಬೆಳೆ ಸಾಲದ ಹಣ ಬೇರೆ ಬಾಬಿಗೆ ಬಳಸಬೇಡಿ ಎಂದು ಪ್ರತಿ ಸರ್ವಸಾಧಾರಣ ಸಭೆಯಲ್ಲಿ ಹೇಳುವವನು ನಾನೇ. ಆ ವರ್ಷ ನೆಲದ ಕೆಲಸ ಮೇ ತಿಂಗಳಿಗೆ ಜಾರಿ, ಮೈಲುತುತ್ತಕ್ಕೂ ಔಷಧಿ ಹೊಡೆಯುವವರ ಕೂಲಿಗೂ ಎತ್ತಿಟ್ಟಿದ್ದ ಹಣ ಟೈಲ್ಸ್ ಅಂಗಡಿಗೆ ಹೋಯಿತು. ಮಳೆ ಹಿಡಿಯುವ ಮೊದಲು ಆಗಬೇಕಿದ್ದ ಮೊದಲ ಬೋರ್ಡೋ ಸಿಂಪಡಣೆ ಜೂನ್ ಮೂರನೆಯ ವಾರಕ್ಕೆ, ಮಳೆಯ ಬಿಡುವು ಕಾದು, ಆಯಿತು. ಕೆಳಗಿನ ತೋಟಕ್ಕೆ ಕೊಳೆ ಹತ್ತಿತು. ಉದುರಿದ ಅಡಿಕೆಯ ಬೆಲೆ ಸೇರಿಸಿದರೆ 1,94,000 ಕೂಡ ಸರಿಯಾದ ಮೊತ್ತವಲ್ಲ.

ಹಾಗಾದರೆ ಮಾಡಿಸಬಾರದೇ? ಮಾಡಿಸಬಹುದು. ನಮ್ಮ ತಾಯಿಗೆ ಮೊದಲು ಇದು ಇಷ್ಟವಿರಲಿಲ್ಲ, ಬಂದವರಿಗೆಲ್ಲ ಪಾತ್ರೆ ಕಾಣುತ್ತದೆಂದು. ಈಗ ಅಡಿಗೆಮನೆಯಲ್ಲಿರುವವರೊಡನೆ ಮಾತಾಡುತ್ತ ಊಟ ಮಾಡುತ್ತಾರೆ. ಕಾಫಿ ಕೊಯ್ಲು ಮುಗಿದ ಕೂಡಲೇ ಹಿಡಿದು ಏಪ್ರಿಲ್ ಒಳಗೆ ಮುಗಿಸಿ. ಮೊದಲು ಅಟ್ಟ ಖಾಲಿ ಮಾಡಿ, ತೊಲೆ ಯಾವ ಗೋಡೆಯ ಮೇಲಿದೆಯೆಂದು ತಿಳಿದವರಿಗೆ ತೋರಿಸಿ. ಬೋರ್ಡೋ ಹಣವನ್ನು ಬೇರೆ ಖಾತೆಯಲ್ಲಿಡಿ. ನಮ್ಮ ಮನೆಯ ಖರ್ಚಿನ ಪಟ್ಟಿ ಕಚೇರಿಯಲ್ಲಿದೆ. ಬೇಕಾದ ಸದಸ್ಯರು ಕಚೇರಿ ವೇಳೆಯಲ್ಲಿ ಬಂದು ನೋಡಬಹುದು.