ಹೊನ್ನೆಯೆಣ್ಣೆಯ ಕಮಟು ವಾಸನೆ

ಕೈರಂಪಣಿ ಬಲೆ ಎಳೆದು ಬಂದ ದಿನ ಸಂಜೆ ಕುಂದಾಪುರದ ಕೋಡಿಯಲ್ಲಿ ಕೇಳುವ ಮಾತು ‘ಸ್ವಂಟ ಹಿಡ್ಕಂಡಿತ್’. ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಪಂಚಗಂಗಾವಳಿಯ ಅಳಿವೆ. ನಡುವಿನ ಮರಳಿನಲ್ಲಿ ಕಾಲೂರಿ, ಹತ್ತಾರು ಜನ ಒಟ್ಟಿಗೆ ಹಿಂದಕ್ಕೆ ವಾಲಿ ಹಗ್ಗ ಜಗ್ಗುವಾಗ ಬಲೆಯ ಭಾರವೆಲ್ಲ ಸೊಂಟಕ್ಕೆ, ಮೀನಖಂಡಕ್ಕೆ.

ಈ ನೋವಿಗೆ ಲಕ್ಕಿಸೊಪ್ಪು ಕುದಿಸಿದ ನೀರಿನ ಸ್ನಾನ, ಹುರಿದ ಉಪ್ಪಿನ ಗಂಟಿನ ಶಾಖ, ಕರ್ಪೂರ ಕರಗಿಸಿದ ತೆಂಗಿನೆಣ್ಣೆ ಎಲ್ಲರಿಗೂ ಗೊತ್ತು. ನಾವು ಮರೆಯುತ್ತಿರುವುದು ಹೊನ್ನೆಯೆಣ್ಣೆಯನ್ನು. ಕರಾವಳಿಯ ಮರಳಲ್ಲೇ ಬೆಳೆಯುವ ಮರವದು. ಗೋಲಿಯಂಥ ಕಾಯಿ ಒಡೆದರೆ ಸಿಗುವುದು ಬಿಳಿಚಿದ ತಿರುಳು. ಆಗ ಅದನ್ನು ಹಿಂಡಿದರೆ ಎಣ್ಣೆ ಬರುವುದೇ ಇಲ್ಲ. ತಿಂಗಳೊಪ್ಪತ್ತು ಬಿಸಿಲು ಕಾಯಿಸಬೇಕು. ತಿರುಳು ಕಂದಾಗಿ, ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಜಿಡ್ಡಾದ ಮೇಲೆ ಗಾಣಕ್ಕೆ. ಇಳಿಯುವ ಎಣ್ಣೆ ಹಸಿರು ಛಾಯೆಯದು, ಮಂದ, ವಾಸನೆ ಕಮಟು. ಸೀಮೆಎಣ್ಣೆ ಬರುವ ಮುಂಚೆ ದೀಪಕ್ಕೂ ಇದೇ, ದೋಣಿಯ ಹಲಗೆಗೂ ಇದೇ, ಗಂಟುನೋವಿಗೂ ಇದೇ. ತಾಹಿತಿ ದ್ವೀಪದವರು ಇದನ್ನೇ ‘ತಮನು’ ಎನ್ನುತ್ತಾರೆ. ಆ ಹೆಸರಲ್ಲಿ ಪುಟ್ಟ ಸೀಸೆಗೆ ದೊಡ್ಡ ಬೆಲೆ.

ಗುಣ ಯಾವುದರಿಂದ? ಅರ್ಧ ಪಾಲು ಕೈಯಿಂದ, ಬಿಸಿಯಿಂದ ಎಂಬುದು ನನ್ನ ನಂಬಿಕೆ. ತಿಕ್ಕಿದಲ್ಲಿ ರಕ್ತ ಹರಿಯುತ್ತದೆ, ಬಿಗಿದ ಸ್ನಾಯು ಸಡಿಲುತ್ತದೆ. ಕರ್ಪೂರ ಚರ್ಮದ ನರಗಳನ್ನು ಚುರುಕುಗೊಳಿಸಿ ಒಳಗಿನ ನೋವನ್ನು ಮರೆಸುತ್ತದೆ. ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನದಲ್ಲೂ ಕರ್ಪೂರವಿದೆ. ರಾತ್ರಿಯಿಡೀ ಮಂಡಿ ಹಾಕಿ ತಿರುಗುವ ಬಡಗುತಿಟ್ಟಿನ ಯಕ್ಷಗಾನ ವೇಷಧಾರಿಗೆ ಬೆಳಿಗ್ಗೆ ಬೇಕಾಗುವುದೂ ಇಂಥದೇ ಒಂದು ಉಜ್ಜು.

ಆದರೆ ಉಳುಕಿ ಊದಿದ ಕಾಲನ್ನು ಮೊದಲ ಎರಡು ದಿನ ತಿಕ್ಕಬೇಡಿ, ಶಾಖ ಕೊಡಬೇಡಿ. ತಣ್ಣೀರ ಪಟ್ಟಿ ಸಾಕು. ಗಾಯದ ಮೇಲೆ ಯಾವ ಎಣ್ಣೆಯೂ ಬೇಡ. ಹೊನ್ನೆಯೆಣ್ಣೆ ಹೊಟ್ಟೆಗಲ್ಲ. ಕರ್ಪೂರದೆಣ್ಣೆ ಮಗುವಿನ ಬಾಯಿಗೆ ಹೋದರೆ ಫಿಟ್ಸ್ ಬರಬಹುದು, ಸೀಸೆ ಎತ್ತರದಲ್ಲಿಡಿ. ಸೊಂಟದ ನೋವು ಕಾಲಿಗಿಳಿದು ಜೋಮು ಹಿಡಿದರೆ ಎಣ್ಣೆ ಬದಿಗಿಟ್ಟು ಡಾಕ್ಟರಲ್ಲಿಗೆ ಹೋಗಿ.

ಕಡಲತೀರಕ್ಕೆಂದು ಗಾಳಿಮರದ ಸಸಿ ನೆಡುವವರು ಒಂದೆರಡು ಹೊನ್ನೆಯನ್ನೂ ನೆಡಲಿ. ಉಪ್ಪುಗಾಳಿಗೆ ಅದು ಅಂಜುವುದಿಲ್ಲ.