ಹವಾನಿಯಂತ್ರಕ ಕೂರಿಸುವ ಮುನ್ನ ವೈರಿಂಗ್ ಮತ್ತು ಅರ್ತಿಂಗ್

ರಾಯಚೂರು, ಯಾದಗಿರಿ, ಕಲಬುರಗಿ ಭಾಗಗಳಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹಿಂದೆ ಪಟ್ಟಣದ ಕಚೇರಿಗಳಲ್ಲಿ ಮಾತ್ರ ಕಾಣುತ್ತಿದ್ದ ಹವಾನಿಯಂತ್ರಕ, ಅಂದರೆ ಏ.ಸಿ., ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ಗಾಳಿಕೊಳವೆಗಳ ಅಗತ್ಯವಿಲ್ಲದೆ, ಗೋಡೆಯ ಒಳಗೊಂದು ಹೊರಗೊಂದು ಘಟಕವಿರುವ 'ಸ್ಪ್ಲಿಟ್' ಮಾದರಿಯೇ ಹೆಚ್ಚು ಬಳಕೆಯಲ್ಲಿದೆ. ಯಂತ್ರದ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸುವ ನಾವು ಅದಕ್ಕೆ ವಿದ್ಯುತ್ ಒಯ್ಯುವ ತಂತಿಯ ಬಗ್ಗೆ ಮಾತ್ರ ವಿಚಾರಿಸುವುದಿಲ್ಲ.

ನಾನೂ ಇದೇ ತಪ್ಪು ಮಾಡಿದವನು. ದೀಪ ಮತ್ತು ಫ್ಯಾನುಗಳಿಗೆಂದು ಹಾಕಿದ್ದ ಹಳೆಯ ತಂತಿಗೇ 1.5 ಟನ್ನಿನ ಯಂತ್ರವನ್ನು ಜೋಡಿಸಿಕೊಂಡೆ. "ಒಂದೇ ಮಷೀನ್ ಅದರಿ ಸರ, ಏನೂ ಆಗಂಗಿಲ್ಲ" ಎಂದು ಜೋಡಿಸಿದಾತ ಭರವಸೆ ಕೊಟ್ಟಿದ್ದ. ಎರಡನೆಯ ವಾರದ ಒಂದು ರಾತ್ರಿ ಸುಟ್ಟ ವಾಸನೆಗೆ ಎಚ್ಚರವಾಯಿತು. ಪ್ಲಗ್ಗಿನ ಪಿನ್ನುಗಳ ಸುತ್ತ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಅದರ ಕೆಳಗೇ ಮಕ್ಕಳು ಮಲಗಿದ್ದರು. ಆ ಅನುಭವದ ನಂತರ ತಿಳಿದುಕೊಂಡ ವಿಷಯಗಳನ್ನು ರೈತ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಯಂತ್ರಕ್ಕೆ ಬೇಕಾದ ವಿದ್ಯುತ್

'ಟನ್' ಎಂಬುದು ಯಂತ್ರದ ತೂಕವಲ್ಲ; ಅದು ತಂಪು ಮಾಡುವ ಸಾಮರ್ಥ್ಯದ ಅಳತೆ. 1.5 ಟನ್ನಿನ ಯಂತ್ರವು ಪೂರ್ಣ ಹೊರೆಯಲ್ಲಿ ಸುಮಾರು 1,500ರಿಂದ 1,700 ವಾಟ್ ವಿದ್ಯುತ್ತನ್ನು ಬಳಸುತ್ತದೆ. ಎಂದರೆ 75 ವಾಟಿನ ಇಪ್ಪತ್ತಕ್ಕೂ ಹೆಚ್ಚು ಫ್ಯಾನುಗಳನ್ನು ಒಂದೇ ತಂತಿಯಲ್ಲಿ ತಿರುಗಿಸಿದಂತೆ. 230 ವೋಲ್ಟ್ ಇರುವಾಗ ತಂತಿಯಲ್ಲಿ 7ರಿಂದ 8 ಆಂಪೇರ್ ಪ್ರವಾಹ ಹರಿಯುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ ಅಷ್ಟೇ ಕೆಲಸಕ್ಕೆ ಪ್ರವಾಹವು 9 ಆಂಪೇರಿನ ಸಮೀಪಕ್ಕೆ ಏರುತ್ತದೆ. ಮಿಕ್ಸಿ ಐದು ನಿಮಿಷ ತಿರುಗಿ ನಿಲ್ಲುತ್ತದೆ, ಏ.ಸಿ. ರಾತ್ರಿಯಿಡೀ ನಡೆಯುತ್ತದೆ. ಆದ್ದರಿಂದ ತಂತಿಗೆ ತಣಿಯಲು ಬಿಡುವೇ ಸಿಗುವುದಿಲ್ಲ.

ತಂತಿಯ ಗಾತ್ರ

ಐದು ಎಚ್.ಪಿ. ಪಂಪಿಗೆ ಒಂದು ಇಂಚಿನ ಪೈಪು ಜೋಡಿಸುವ ರೈತನಿಲ್ಲ. ತಂತಿಯ ಲೆಕ್ಕವೂ ಹೀಗೆಯೇ. ಮೀಟರ್ ಹಲಗೆಯಿಂದ ಯಂತ್ರಕ್ಕೆ 30 ಮೀಟರ್ ದೂರವಿದ್ದು 8 ಆಂಪೇರ್ ಹರಿಯುತ್ತಿದೆ ಎಂದುಕೊಳ್ಳೋಣ. 1 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ ಸುಮಾರು 70 ವಾಟ್ ಶಾಖವಾಗಿ ಪೋಲಾಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಸುಮಾರು 18 ವಾಟ್ ಮಾತ್ರ. ಸಡಿಲವಾದ ಜೋಡಣೆ ಇದ್ದಲ್ಲಿ ಶಾಖವು ಆ ಒಂದೇ ಜಾಗದಲ್ಲಿ ಸೇರಿ ಬೆಂಕಿ ಹತ್ತುವ ಸಂಭವವಿರುತ್ತದೆ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಹಲಗೆಯಿಂದ ಏ.ಸಿ.ಗೆ ಪ್ರತ್ಯೇಕ ತಂತಿಯನ್ನು ಎಳೆಯಬೇಕು. ನಡುವೆ ಗಂಟು ಇರಕೂಡದು.

2. 1 ಟನ್ನಿಗೆ 2.5 ಚದರ ಮಿ.ಮೀ., 1.5 ಮತ್ತು 2 ಟನ್ನಿಗೆ 4 ಚದರ ಮಿ.ಮೀ. ತಾಮ್ರದ ತಂತಿ ಸೂಕ್ತ. ತಂತಿಯ ಮೇಲೆ ಐ.ಎಸ್. 694 ಗುರುತು ಇರುವುದನ್ನು ನೋಡಿ ಕೊಳ್ಳಬೇಕು.

3. 6 ಆಂಪೇರಿನ ಸಣ್ಣ ಸಾಕೆಟ್ ಸರ್ವಥಾ ಬೇಡ. ಕನಿಷ್ಠ 16 ಆಂಪೇರಿನ ಮೂರು ಪಿನ್ನಿನ ಸಾಕೆಟ್ ಇರಲಿ.

4. ಈ ತಂತಿಗೆಂದೇ ಒಂದು ಎಂ.ಸಿ.ಬಿ. ಇರಬೇಕು. ಸಾಮಾನ್ಯವಾಗಿ 16 ಅಥವಾ 20 ಆಂಪೇರಿನ 'ಸಿ' ವರ್ಗದ್ದು ಸಾಕು. ಅದು ಪದೇ ಪದೇ ಬಿದ್ದರೆ ಕಾರಣ ಹುಡುಕಬೇಕೇ ಹೊರತು 32 ಆಂಪೇರಿನದನ್ನು ಹಾಕಬಾರದು. ಎಂ.ಸಿ.ಬಿ. ಇರುವುದು ತಂತಿಯನ್ನು ಕಾಯುವುದಕ್ಕೆ.

5. ಒಳ-ಹೊರ ಘಟಕಗಳ ನಡುವಿನ ಕೇಬಲ್ ತಯಾರಕರು ಸೂಚಿಸಿದ್ದೇ ಆಗಿರಬೇಕು. ಬಿಸಿಲು ಮತ್ತು ಇಲಿಗಳಿಂದ ರಕ್ಷಿಸಲು ಅದನ್ನು ಕೊಳವೆಯೊಳಗೆ ಒಯ್ಯಬೇಕು.

ಅರ್ತಿಂಗ್: ಮಣ್ಣಿನ ವಿಷಯ

ಬೇಸಾಯಶಾಸ್ತ್ರದವನಿಗೆ ವೈರಿಂಗ್ ಏಕೆ ಎಂದು ಕೆಲವರು ಕೇಳಬಹುದು. ಅರ್ತಿಂಗ್ ಎಂಬುದು ಅರ್ಧ ಮಣ್ಣಿನ ವಿಷಯ. ಮಣ್ಣಿನಲ್ಲಿ ತೇವವಿದ್ದರೆ ವಿದ್ಯುತ್ ಸುಲಭವಾಗಿ ಭೂಮಿಗೆ ಇಳಿಯುತ್ತದೆ, ಒಣಗಿದರೆ ಇಳಿಯುವುದಿಲ್ಲ. ಏ.ಸಿ. ಹೆಚ್ಚು ನಡೆಯುವುದು ಬೇಸಿಗೆಯಲ್ಲಿ. ಮಣ್ಣು ಅತಿಯಾಗಿ ಒಣಗುವುದೂ ಆಗಲೇ. ಎರೆ ಭೂಮಿಯಲ್ಲಂತೂ ಮಣ್ಣು ಕುಗ್ಗಿ ಬಿರುಕು ಬಿಟ್ಟು ಅರ್ತ್ ಪೈಪಿನಿಂದಲೇ ದೂರ ಸರಿಯಬಹುದು. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ತ್ ಮೇ ತಿಂಗಳಿನಲ್ಲಿ ಕೈಕೊಡುವುದು ಹೀಗೆ.

ಇದರ ಪರಿಣಾಮವೇನು? ಯಂತ್ರದ ಲೋಹದ ಮೈಗೆ ಫೇಸ್ ತಂತಿ ತಗಲಿತೆನ್ನೋಣ. ಮನೆಯ ಅರ್ತ್ ಗುಂಡಿಯ ರೋಧ 20 ಓಮ್ ಇದ್ದರೆ ಭೂಮಿಗೆ ಹರಿಯುವುದು ಸುಮಾರು 11.5 ಆಂಪೇರ್ ಮಾತ್ರ. 16 ಆಂಪೇರಿನ ಎಂ.ಸಿ.ಬಿ. ಅಷ್ಟಕ್ಕೆ ಬೀಳುವುದಿಲ್ಲ. ಯಂತ್ರದ ಮೈಯಲ್ಲಿ ವಿದ್ಯುತ್ ಹಾಗೆಯೇ ನಿಂತು, ಒದ್ದೆ ಕೈಯಲ್ಲಿ ಮುಟ್ಟಿದವರ ಪ್ರಾಣಕ್ಕೆ ಅಪಾಯವಾಗುತ್ತದೆ. ಆದ್ದರಿಂದ 30 ಮಿಲಿ ಆಂಪೇರಿನ ಆರ್.ಸಿ.ಸಿ.ಬಿ. ಕಡ್ಡಾಯವೆಂದೇ ತಿಳಿಯಬೇಕು. ಅಷ್ಟು ಅಲ್ಪ ಪ್ರವಾಹ ಸೋರಿದರೂ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ಅರ್ತ್ ಗುಂಡಿಗೆ 2.5 ಮೀಟರ್ ಉದ್ದದ, 40 ಮಿ.ಮೀ. ವ್ಯಾಸದ ಕಲಾಯಿ ಕಬ್ಬಿಣದ ಪೈಪನ್ನು ನೆಟ್ಟು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುವುದು ರೂಢಿ. ಉಪ್ಪು ಕ್ರಮೇಣ ಪೈಪನ್ನು ತಿನ್ನುವುದರಿಂದ ಆಗಾಗ ಪರೀಕ್ಷಿಸಬೇಕು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಒಳಘಟಕದಿಂದ ತೊಟ್ಟಿಕ್ಕುವ ನೀರನ್ನೂ ಈ ಗುಂಡಿಗೇ ಬಿಡಬಹುದು. ಆದರೆ ಒಣಹವೆಯಲ್ಲಿ ಅದೊಂದೇ ಸಾಲದು. ಅರ್ತ್ ಅಳತೆಯನ್ನು ಏಪ್ರಿಲ್-ಮೇ ತಿಂಗಳಿನಲ್ಲಿಯೇ ಮಾಡಿಸುವುದು ಉತ್ತಮ.

ಮಾಡಬಾರದ ಎರಡು ಕೆಲಸಗಳು

ಕೆಲವೆಡೆ ನ್ಯೂಟ್ರಲ್ ತಂತಿ ಇಲ್ಲದಾಗ ಒಂದು ಫೇಸ್ ಎಳೆದು, ನೆಲದ ಅರ್ತನ್ನೇ ನ್ಯೂಟ್ರಲ್ ಮಾಡಿಕೊಳ್ಳುವ ಅಭ್ಯಾಸವಿದೆ. ಆ ಪೈಪಿನ ಸುತ್ತಲಿನ ನೆಲದಲ್ಲೇ ವಿದ್ಯುತ್ ಹರಡಿ ದನಕರುಗಳಿಗೂ ಮಕ್ಕಳಿಗೂ ಪ್ರಾಣಾಪಾಯವಾಗುತ್ತದೆ. ಎರಡನೆಯದಾಗಿ, ಪಂಪ್‌ಸೆಟ್ ಸಂಪರ್ಕದಿಂದ ಮನೆಗೆ ತಂತಿ ಎಳೆಯಬಾರದು. ಅದು ನಿಯಮಬಾಹಿರವಷ್ಟೇ ಅಲ್ಲ, ಅಲ್ಲಿನ ವೋಲ್ಟೇಜ್ ಏರಿಳಿತಕ್ಕೆ ಯಂತ್ರವೂ ಹಾಳಾಗುತ್ತದೆ. ಊರಿನ ಲೈನಿನಲ್ಲಿಯೂ ಏರಿಳಿತ ಹೆಚ್ಚಿದ್ದರೆ ಯಂತ್ರದ ಮೇಲೆ ನಮೂದಿಸಿದ ವೋಲ್ಟೇಜ್ ಮಿತಿಯನ್ನು ನೋಡಿ ಸ್ಟೆಬಿಲೈಜರ್ ಅಳವಡಿಸಬೇಕು.

ಯಂತ್ರ ಕೊಳ್ಳುವ ಮೊದಲು ಮನೆಯ ಮಂಜೂರಾದ ವಿದ್ಯುತ್ ಹೊರೆ ಎಷ್ಟಿದೆ ಎಂಬುದನ್ನು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಅರ್ಜಿ ಕೊಡಬೇಕು. ವೈರಿಂಗ್ ಕೆಲಸವನ್ನು ಪರವಾನಗಿ ಹೊಂದಿದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ತಂತಿ, ಆರ್.ಸಿ.ಸಿ.ಬಿ. ಮತ್ತು ಅರ್ತ್ ಗುಂಡಿ ಇವೆಲ್ಲಕ್ಕೂ ಆಗುವ ಖರ್ಚು ಯಂತ್ರದ ಬೆಲೆಯ ಮುಂದೆ ಅಲ್ಪವೇ ಸರಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗದಿರಲಿ. ಈ ಬೇಸಿಗೆಯಲ್ಲಿ ಯಂತ್ರವನ್ನು ಗೋಡೆಗೆ ಏರಿಸುವ ಮೊದಲು ಒಮ್ಮೆ ಹಿತ್ತಲಿಗೆ ಹೋಗಿ ಅರ್ತ್ ಗುಂಡಿಯ ಮಣ್ಣನ್ನು ಮುಟ್ಟಿ ನೋಡಿ.